ಆರತಿ ಎತ್ತಿದ ಮನೆಯಲ್ಲಿ ಆಡದ ಮಾತು

ಹುಡುಗಿ ಮೈನೆರೆದರೆ ನಮ್ಮ ಎಷ್ಟೋ ಊರುಗಳಲ್ಲಿ ಇಂದಿಗೂ ಅದು ಬೀದಿಗೆಲ್ಲ ಗೊತ್ತಾಗುವ ಸುದ್ದಿ. ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕುತ್ತಾನೆ. ಮುತ್ತೈದೆಯರು ಆರತಿ ಎತ್ತುತ್ತಾರೆ, ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ. ಅನುಕೂಲಸ್ಥರ ಮನೆಯಾದರೆ ಕಲ್ಯಾಣಮಂಟಪವೇ ಆಗಬೇಕು. ಬಾಗಿಲಲ್ಲಿ ಮಗುವಿನ ಫೋಟೊ ಹಾಕಿದ ಫ್ಲೆಕ್ಸ್ ಕೂಡ. ಆ ಹುಡುಗಿಗೆ ಹನ್ನೊಂದೋ ಹನ್ನೆರಡೋ ವರ್ಷ. ಮೈಯಲ್ಲಿ ಏನಾಯಿತು, ಏಕಾಯಿತು ಎಂದು ಆ ಗದ್ದಲದಲ್ಲಿ ಯಾರೂ ಅವಳಿಗೆ ಹೇಳುವುದಿಲ್ಲ. ಮುಂದಿನ ತಿಂಗಳು ಬಂತೆಂದರೆ ಅದೇ ಸಂಗತಿ ಗುಟ್ಟಾಗಿಬಿಡುತ್ತದೆ. ದೇವರ ಮನೆ ಕಡೆ ಹೋಗಬೇಡ, ಉಪ್ಪಿನಕಾಯಿ ಜಾಡಿ ಮುಟ್ಟಬೇಡ, ಅಪ್ಪನ ಎದುರು ಆ ಮಾತು ಎತ್ತಬೇಡ. ತಮ್ಮ ಕೇಳಿದರೆ ಕಾಗೆ ಮುಟ್ಟಿದೆ ಅನ್ನು. ಅಂಗಡಿಯವನೂ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕಿಯೇ ಕೊಡುತ್ತಾನೆ.

ಮುಟ್ಟಿನ ವಿಷಯ ಬಂದಾಗ ನಾವು ಮಡಿ-ಮೈಲಿಗೆಯನ್ನು ಖಂಡಿಸಿ ಸುಮ್ಮನಾಗುತ್ತೇವೆ. ಅದಕ್ಕಿಂತ ನನ್ನನ್ನು ಕಾಡುವುದು ಈ ಬಾಯಿ ಕಟ್ಟುವ ಪಾಠ. ಮೂಲೆಯಲ್ಲಿ ಕೂರುವುದು ಮೂರು ದಿನಕ್ಕೆ ಮುಗಿಯುತ್ತದೆ, ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಮುಗಿಯುವುದಿಲ್ಲ. ರಕ್ತ ಅತಿಯಾಗಿ ಹೋಗುತ್ತಿದ್ದರೂ ಅವಳು ಹೇಳುವುದಿಲ್ಲ. ಹೇಳಲು ಎಷ್ಟು ಹೋದರೆ ಅತಿ ಎಂಬುದಾದರೂ ಗೊತ್ತಿರಬೇಕಲ್ಲ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಬಡತನ, ಊಟದ ಕೊರತೆ, ಹೆರಿಗೆ, ಹೀಗೆ ಅದಕ್ಕೆ ಕಾರಣ ಹಲವು. ತಿಂಗಳ ಸ್ರಾವ ಮಿತಿಮೀರುವುದೂ ಅದರಲ್ಲೊಂದು. ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಯಿಂದ ಹುಡುಗಿ ಪ್ರತಿ ತಿಂಗಳು ಮುದುಡಿಕೊಂಡು ಮಲಗಿದರೂ, ಹೆಣ್ಣಾದ ಮೇಲೆ ತಡ್ಕೋಬೇಕು ಎಂಬ ಮಾತಿನಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಘೋರ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಇಂಥ ಪ್ರಕರಣಗಳಲ್ಲಿ ಹೆಚ್ಚಿನ ಪಾಲು ಆರೋಪಿಗಳು ಮಗುವಿಗೆ ಪರಿಚಯದವರೇ. ಅಂದರೆ ಬಹಳ ಸಲ ಮಗು ಬಾಯಿ ಬಿಟ್ಟು ಹೇಳಿದರೆ ಮಾತ್ರ ಕಾಯ್ದೆ ಕೆಲಸ ಮಾಡೀತು. ಸೊಂಟದಿಂದ ಕೆಳಗಿನ ಮಾತು ನಾಚಿಕೆಗೇಡು ಎಂದು ಹನ್ನೆರಡರಲ್ಲಿ ಕಲಿಸಿದವರು ನಾವು. ಹದಿಮೂರರಲ್ಲಿ ಯಾರೋ ಮೈಮೇಲೆ ಕೈ ಹಾಕಿದಾಗ ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರುವವರೂ ನಾವೇ. ಯಾವ ನಾಲಿಗೆಯಿಂದ ಹೇಳಬೇಕಿತ್ತು ಆ ಮಗು?

ಗಂಡುಮಕ್ಕಳ ಬಾಯಿಗೂ ಬೀಗ ತಪ್ಪಿದ್ದಲ್ಲ. ಹುಡುಗ ಅಳಬಾರದು. ಪರೀಕ್ಷೆಯ ಭಯ ರಾತ್ರಿಯೆಲ್ಲ ಎದೆ ಹಿಂಡಿದರೂ ಮನೋವೈದ್ಯರ ಹೆಸರೆತ್ತಬಾರದು, ನಾಲ್ಕು ಜನ ಹುಚ್ಚ ಅಂತಾರೆ. ಬೇರೆ ಜಾತಿಯ ಹುಡುಗಿಯ ಮೇಲೆ ಮನಸ್ಸಾದರೆ, ಇಲ್ಲವೇ ಹುಡುಗನ ಮೇಲೆಯೇ ಮನಸ್ಸಾದರೆ, ಅವನು ಮನೆಯಲ್ಲಿದ್ದೂ ಪರಕೀಯ.

ಈ ಮೌನ, ಮೈಲಿಗೆ ಎರಡರ ತುತ್ತತುದಿ ಎಂಥದೆಂದು 2023ರ ಜುಲೈನಲ್ಲಿ ಕಂಡೆವು. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಕೂಸಿನೊಂದಿಗೆ ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ-ಚಳಿಗೆ ಆ ಹಸುಗೂಸು ಉಳಿಯಲಿಲ್ಲ. ಮುಟ್ಟಾದವರನ್ನು, ಗರ್ಭಿಣಿಯರನ್ನು ಹೀಗೆ ಊರ ಹೊರಗಿಡುವುದು ಅಪರಾಧವೆಂದು ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ 2017ರ ಕರ್ನಾಟಕದ ಕಾಯ್ದೆ ಆಗಲೇ ಹೇಳಿತ್ತು. ಕಾಯ್ದೆ ಬೇಕು, ನಿಜ. ಆದರೆ ಆ ಗುಡಿಸಲಿಗೆ ಸೊಸೆಯನ್ನು ಕಳಿಸುವ ಅತ್ತೆಯೂ ಒಂದು ಕಾಲಕ್ಕೆ ಅಲ್ಲಿಯೇ ಮಳೆಯಲ್ಲಿ ನೆನೆದವಳು. ದೇವರು ಮುನಿದು ಕುರಿ, ಮಕ್ಕಳಿಗೆ ಕೇಡಾದೀತು ಎಂಬ ಅವಳ ಭಯ ಸುಳ್ಳಾದರೂ ನಟನೆಯಲ್ಲ. ಪೊಲೀಸರ ಜೀಪು ಹೋದ ಮೇಲೆ ಆ ಭಯದ ಪಕ್ಕ ಕೂತು ಮಾತಾಡುವವರು ಯಾರು? ಹಟ್ಟಿಯ ಕಡೆಗಷ್ಟೇ ಬೆರಳು ತೋರಿಸುವುದು ಅನ್ಯಾಯ ಕೂಡ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೇರೆ ಚಾಪೆ, ಬೇರೆ ತಟ್ಟೆ ಕೊಟ್ಟು ಕೂರಿಸುವವರು ಎಂಜಿನಿಯರುಗಳು, ವಕೀಲರು.

ಇದು ಸಂಪ್ರದಾಯ, ಬಿಡಲಾಗದು ಎನ್ನುವವರಿಗೆ ನಮ್ಮದೇ ನೆಲದ ಎರಡು ಸಂಗತಿಗಳನ್ನು ನೆನಪಿಸಬೇಕು. ಶರಣ ಪರಂಪರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೂ ತಳ್ಳಿಹಾಕಿತು. ಇಷ್ಟಲಿಂಗ ಕಟ್ಟಿಕೊಂಡ ಹೆಣ್ಣಿಗೆ ಮುಟ್ಟಿನ ದಿನಗಳಲ್ಲೂ ಪೂಜೆ ನಿಲ್ಲಬೇಕಿಲ್ಲ ಎಂದಿತು. ಜಾತಿಯ ಮೈಲಿಗೆ, ಮುಟ್ಟಿನ ಮೈಲಿಗೆ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ. ಹುಟ್ಟಿನಿಂದ ಬಂದ ಮೈಯನ್ನು ಹೊಲಸೆಂದು ಕರೆಯುವುದೇ ಎರಡರ ಬೇರು. ಇನ್ನು ತುಳುನಾಡಿನ ಕೆಡ್ಡಸ. ಪೊನ್ನಿ ತಿಂಗಳ ಕೊನೆಗೆ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಹೆಂಗಸರು ಅವಳಿಗೆ ಎಣ್ಣೆ, ಸೀಗೆ, ಅರಿಶಿನ, ಕುಂಕುಮ ಇಡುತ್ತಾರೆ. ಭೂಮಿಯ ಮುಟ್ಟನ್ನು ಊರೆಲ್ಲ ಸೇರಿ ಆದರಿಸಿದ ಮಣ್ಣಿನಲ್ಲೂ ಮಗಳು ಹೊರಗೆ ಕೂತದ್ದುಂಟು. ಈ ವೈರುಧ್ಯವನ್ನು ಆ ಮನೆಗಳ ಹಿರಿಯರೇ ಒಮ್ಮೆ ಕೂತು ಯೋಚಿಸಲಿ ಎಂಬುದು ನನ್ನ ಆಸೆ.

ಪ್ಯಾಡು ಹಂಚುವುದರಿಂದಲೇ ಎಲ್ಲ ಸರಿಹೋದೀತು ಎಂದು ನನಗನ್ನಿಸುವುದಿಲ್ಲ. ಶಾಲಾ ಹುಡುಗಿಯರಿಗೆ ಉಚಿತ ಪ್ಯಾಡು ಕೊಡುವ 'ಶುಚಿ' ಯೋಜನೆ ನಮ್ಮಲ್ಲಿದೆ, ಒಳ್ಳೆಯದೇ. ಆದರೆ ವಿಜ್ಞಾನದಲ್ಲಿ ಹದಿಹರೆಯದ ಪಾಠ ಬರುವುದೇ ತಡವಾಗಿ. ಅಷ್ಟರೊಳಗೆ ಎಷ್ಟೋ ಹುಡುಗಿಯರು ಮೈನೆರೆದು ವರ್ಷ ಕಳೆದಿರುತ್ತದೆ. ಆ ಪಾಠವನ್ನೂ ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸುವ ಮೇಷ್ಟ್ರುಗಳಿದ್ದಾರೆ, ಹುಡುಗರನ್ನು ಮೈದಾನಕ್ಕೆ ಕಳಿಸಿ ಹುಡುಗಿಯರಿಗಷ್ಟೇ ಪಿಸುಗುಡುವ ಟೀಚರುಗಳಿದ್ದಾರೆ. ಹೀಗೆ ಹೊರಗೆ ಕಳಿಸಿದ ಹುಡುಗರೇ ಮುಂದೆ ಗಂಡಂದಿರು, ಅಪ್ಪಂದಿರು, ಮೇಲಧಿಕಾರಿಗಳು ಆಗುತ್ತಾರೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿತು. ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳು ಆ ರಜೆ ಕೇಳಬೇಕಾದದ್ದು ಬಹಳ ಸಲ ಒಬ್ಬ ಗಂಡಸಿನ ಬಳಿ. ಅವಳ ಬಾಯಿಂದ ಆ ಮಾತು ಹೊರಡಬೇಕಾದರೆ ಶಾಲೆಯ ದಿನಗಳಲ್ಲೇ ಒಮ್ಮೆ ಹೊರಟಿರಬೇಕು. ಇವತ್ತಿಗೂ ನಮ್ಮ ಮಕ್ಕಳ ರಜಾಚೀಟಿಯಲ್ಲಿ ಆ ದಿನಗಳಿಗೆ ಜ್ವರ ಎಂದೇ ಬರೆಯುತ್ತೇವೆ. ಮುಂದಿನ ಸಲ ಅಪ್ಪನೇ ಪೆನ್ನು ಹಿಡಿಯಲಿ. ಮಗಳಿಗೆ ಮುಟ್ಟಿನ ಹೊಟ್ಟೆನೋವಿತ್ತು, ಅದಕ್ಕೆ ನಿನ್ನೆ ಬರಲಿಲ್ಲ ಎಂದು ಬರೆದು, ಅವಳಿಗೆ ಓದಿ ತೋರಿಸಿ, ಕೆಳಗೆ ಸಹಿ ಹಾಕಲಿ.