ತಾಪವೂ ಸಂಯಮವೂ

ಕೋಪವು ತಾನೇ ದೋಷವೆ, ಅಥವಾ ಅದಕ್ಕೆ ತಕ್ಕ ಹಾದಿ ದೊರೆಯದಿರುವದು ದೋಷವೆ? ನೀತಿಶಾಸ್ತ್ರದ ಈ ಪ್ರಶ್ನೆಗೆ ಒಂದು ಯಂತ್ರವು ಉತ್ತರ ಸೂಚಿಸುವದೆಂದರೆ ಕೆಲವರಿಗೆ ನಗು ಬರಬಹುದು. ಆದರೆ ವೈಶಾಖದ ನಡುಹಗಲಿನಲ್ಲಿ, ಸೇಡಂನಿಂದ ಚಿತ್ತಾಪುರದವರೆಗೆ ಹಳೆಯ ಬುಲೆಟ್ ಮೋಟರ್‌ಸೈಕಲ್ ನಡೆಸಿದವರು ನಗಲಾರರು. ಬಿಸಿಲು ನಾಲ್ವತ್ತು ಡಿಗ್ರಿ ಮೀರುವ ಆ ಸುಣ್ಣಕಲ್ಲಿನ ಸೀಮೆಯಲ್ಲಿ ಎಂಜಿನ್ನಿನ ತಾಪವು ಸವಾರನ ಮೊಣಕಾಲಿಗೇ ತಿಳಿಯುತ್ತದೆ.

ಬುಲೆಟ್ ಇಂಗ್ಲೆಂಡಿನ ರೆಡ್ಡಿಚ್ ಊರಿನಲ್ಲಿ ಹುಟ್ಟಿ, 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. ಅದೇ ಕಾಲದ ಪಂದ್ಯದ ಗಾಡಿ ಮ್ಯಾಂಕ್ಸ್ ನಾರ್ಟನ್ ಕೂಡ ಒಂದೇ ಸಿಲಿಂಡರಿನದು, ಗಾಳಿಯಿಂದಲೇ ತಣಿಯುವಂಥದು. 1950ರಲ್ಲಿ ಜೆಫ್ ಡ್ಯೂಕ್ ಎಂಬ ಸವಾರನು ನಾರ್ಟನ್ನಿನ ಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ಪಂದ್ಯವನ್ನು ಗೆದ್ದನು, ಏಳು ಸುತ್ತು, ಸುಮಾರು 425 ಕಿಲೋಮೀಟರಿನ ದಾರಿ. ಸಿಲಿಂಡರಿನ ಒಳಗಿನ ಜ್ವಾಲೆ 2000 ಡಿಗ್ರಿಯನ್ನೂ ಮೀರುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಮ್ಮು 660 ಡಿಗ್ರಿಯಲ್ಲಿಯೇ ಕರಗುವ ಲೋಹ. ಹಾಗಿದ್ದೂ ಅದು ಕರಗದಿರುವ ಕಾರಣವಿಷ್ಟೆ: ಬಂದ ತಾಪವು ಅಲ್ಲಿ ನೆಲೆನಿಲ್ಲುವದಿಲ್ಲ. ಸಿಲಿಂಡರನ್ನು ಸುತ್ತಿದ ತೆಳು ಫಿನ್ನುಗಳು ಅದನ್ನು ಗಾಳಿಗೆ ಒಪ್ಪಿಸುತ್ತವೆ. ಹೊಗೆ ಹೊರಹೋಗುವ ವಾಲ್ವಿನ ಪೊಳ್ಳು ದಂಡಿನಲ್ಲಿ ಸೋಡಿಯಂ ಕರಗಿ, ಮೇಲೆ ಕೆಳಗೆ ತುಳುಕುತ್ತ ತಾಪವನ್ನು ಸಾಗಿಸುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲದ ಎಣ್ಣೆಯೂ ಪಂದ್ಯದ ಎಂಜಿನ್ನುಗಳಿಗೆ ಬಹುಕಾಲ ಕೀಲೆಣ್ಣೆಯಾಗಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಅದರಿಂದಲೇ ಬಂದುದು. ಉರಿಯನ್ನು ಆರಿಸಿದರೆ ಗಾಡಿ ನಿಲ್ಲುವದೆಂದು ಬಲ್ಲ ಶಿಲ್ಪಿಗಳು ಉರಿಗೆ ಹಾದಿಗಳನ್ನು ಮಾಡಿಕೊಟ್ಟರು.

ಇಂಥ ಎಂಜಿನ್ನಿಗೆ ಓಟಕ್ಕಿಂತ ನಿಲುಗಡೆಯೇ ಹೆಚ್ಚು ಅಪಾಯ. ವಾಡಿಯ ಕಡೆಯ ಯಾವದೋ ರೈಲು ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ನಿಂತವನ ಗಾಡಿಗೆ ಗಾಳಿಯಿಲ್ಲ. ಉರಿ ಮಾತ್ರ ಇದೆ. ಮನುಷ್ಯನ ಸ್ಥಿತಿಯೂ ಹೀಗೆಯೆ. ಶಹಾಬಾದದ ಕಲ್ಲುಗಣಿಯಲ್ಲಿ ದುಡಿದು, ಕೂಲಿ ದೊರೆಯದೆ ಬರಿಗೈಯಲ್ಲಿ ಮರಳುವ ಇಬ್ಬರನ್ನು ಊಹಿಸಬಹುದು. ಒಬ್ಬನು ಹಲ್ಲು ಕಚ್ಚಿ ಸುಮ್ಮನಿದ್ದು, ರಾತ್ರಿ ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತಾನೆ. ಇನ್ನೊಬ್ಬನು ನಾಲ್ಕು ಜನರನ್ನು ಕೂಡಿಸಿಕೊಂಡು ಅರ್ಜಿ ಬರೆಯಿಸಿ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ಇಬ್ಬರ ಕೋಪವೂ ನ್ಯಾಯವಾದುದೆ. ಊರವರು ಮೊದಲನೆಯವನನ್ನು ಶಾಂತನೆಂದೂ ಎರಡನೆಯವನನ್ನು ಜಗಳಗಂಟನೆಂದೂ ಕರೆಯಬಹುದು. ಆದರೆ ಸಂಯಮ ಯಾರದು? ಬಸವಣ್ಣನವರು ಕೋಪವನ್ನು ಮೊದಲು ತನ್ನ ನೆಲೆಯನ್ನೇ ಸುಡುವ ಬೆಂಕಿಯೆಂದು ಕಂಡರು. ಮೊದಲನೆಯವನ ಮನೆಯೇ ಅದಕ್ಕೆ ಸಾಕ್ಷಿ.

ಗೇಟು ತೆರೆಯದೆಯೇ ಹೋದರೆ ಏನು ಗತಿಯೆಂದು ಕೇಳಬಹುದು. ದಾರಿಯೇ ಇಲ್ಲದ ಅನ್ಯಾಯಗಳೂ ಲೋಕದಲ್ಲಿ ಉಂಟು. ಅಲ್ಲಿ ಎಂಜಿನ್ನನ್ನು ಬಂದು ಮಾಡಿ ಕಾಯುವದೇ ವಿವೇಕ. ಹಾಗೆ ಕಾಯುವದು ಕ್ಷಮೆ. ಒಳಗೆ ಉರಿಸುತ್ತಲೇ ನಿಲ್ಲುವದು ಕ್ಷಮೆಯ ವೇಷ. ಎರಡೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವದರಿಂದ, ಯಾವದು ಯಾವದೆಂಬುದನ್ನು ಅವರವರ ಅಂತಃಕರಣವೇ ಹೇಳಬೇಕು.

ನೆರೆಯವರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಅದನ್ನು ಬಲ್ಲವನು ಚಿಂಚೋಳಿಯ ಕಾಡಿನ ಅಂಚಿನಲ್ಲಿ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಅದು ತಾನಾಗಿ ಆರುವವರೆಗೆ ಪಕ್ಕದಲ್ಲಿ ಕುಳಿತಿರುತ್ತಾನೆ. ನೊಂದು ಸಿಟ್ಟಾದವನಿಗೆ ಉಪದೇಶ ಸುರಿಯುವ ಮುನ್ನ ಅಷ್ಟು ಹೊತ್ತು ಅವನ ಬಳಿ ಕುಳಿತಿರುವದು ಲೇಸು.