ಉತ್ತರ ಪತ್ರಿಕೆ ತರಿಸಿ ನೋಡಿ

ಕರ್ನಾಟಕದಲ್ಲಿ ನಾವು ಪಿಯುಸಿ ಅನ್ನುವುದನ್ನು ಇಲ್ಲಿ ಹೈದರಾಬಾದಿನಲ್ಲಿ ‘ಇಂಟರ್’ ಅನ್ನುತ್ತಾರೆ. 2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್ ಫಲಿತಾಂಶ ಬಂದಾಗ ಮಂಚೇರಿಯಲ್‌ನ ಒಬ್ಬ ಹುಡುಗಿಗೆ ತೆಲುಗಿನಲ್ಲಿ ಸೊನ್ನೆ ಬಂದಿತ್ತು. ಓದಿನಲ್ಲಿ ಮುಂದಿದ್ದವಳು, ಬರೆದದ್ದು ತನ್ನ ಮಾತೃಭಾಷೆಯ ಪತ್ರಿಕೆ. ಅದನ್ನು ಮತ್ತೆ ತೆಗೆದು ನೋಡಿದಾಗ ಸಿಕ್ಕ ಅಂಕ 99. ಉತ್ತರ ತಿದ್ದಿದವರು ಅಂಕ ಕೊಟ್ಟಿದ್ದರು. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವಾಗ ಒಂಬತ್ತುಗಳ ಬದಲು ಸೊನ್ನೆಗಳು ಕಪ್ಪಾಗಿದ್ದವು. ಪರಿಶೀಲಿಸಬೇಕಾದವರ ಕಣ್ಣಿಗೂ ಅದು ಬೀಳಲಿಲ್ಲ.

ಆ ವರ್ಷ ಪರೀಕ್ಷೆಗೆ ಕೂತವರು ಒಂಬತ್ತು ಲಕ್ಷಕ್ಕೂ ಹೆಚ್ಚು, ಫೇಲಾದವರು ಮೂರು ಲಕ್ಷಕ್ಕೂ ಹೆಚ್ಚು. ಪರೀಕ್ಷೆ ಬರೆದು ಬಂದವರಲ್ಲಿ ಕೆಲವರನ್ನು ಗೈರುಹಾಜರು ಎಂದು ತೋರಿಸಲಾಗಿತ್ತು. ಅಪ್ಪ ಅಮ್ಮಂದಿರು ಅಂಕಪಟ್ಟಿಯ ಪ್ರತಿ ಹಿಡಿದು ನಾಂಪಲ್ಲಿಯ ಇಂಟರ್ ಬೋರ್ಡಿನ ಗೇಟಿನ ಮುಂದೆ ಬಿಸಿಲಲ್ಲಿ ನಿಂತರು. ಆ ದಿನಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳು ಜೀವ ಕಳೆದುಕೊಂಡರು. ಅವರಲ್ಲಿ ಯಾರ ಅಂಕ ಸರಿಯಿತ್ತು, ಯಾರದು ತಪ್ಪಿತ್ತು ಎಂಬ ಲೆಕ್ಕಕ್ಕೆ ನಾನು ಇಳಿಯುವುದಿಲ್ಲ. ಯಾವ ಅಂಕಕ್ಕೂ ಅಷ್ಟು ಬೆಲೆಯಿಲ್ಲ.

ಸರ್ಕಾರ ಮೂವರ ಸಮಿತಿ ನೇಮಿಸಿತು, ಫೇಲಾದವರೆಲ್ಲರ ಪತ್ರಿಕೆಗಳನ್ನು ಶುಲ್ಕವಿಲ್ಲದೆ ಮರುಪರಿಶೀಲಿಸಲು ಒಪ್ಪಿತು. ಮೇ ಕೊನೆಯಲ್ಲಿ ಅದರ ಫಲಿತಾಂಶ ಬಂದಾಗ 1,137 ಮಂದಿ ಫೇಲಿನಿಂದ ಪಾಸಾಗಿದ್ದರು. ಮೂರು ಲಕ್ಷದಲ್ಲಿ ಇದು ಸಣ್ಣ ಪಾಲು ಎಂದು ಹೇಳಿದವರಿದ್ದಾರೆ. ಆ 1,137 ಮನೆಗಳಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಏನೇನು ಮಾತು ಬಂದುಹೋಗಿರಬಹುದು, ಯೋಚಿಸಿ ನೋಡಿ.

ನನ್ನನ್ನು ಕಾಡುವುದು ಆ ಮಾತುಗಳೇ. ಕಡಿಮೆ ಅಂಕ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ ಮಗುವಿಗೇ: ‘ಯಾಕೋ ಹೀಗಾಯ್ತು? ಫೋನ್ ನೋಡ್ತಾ ಕೂತಿದ್ಯಲ್ಲ!’ ಮೊದಲು ಕೇಳಬೇಕಾದ್ದು ಉತ್ತರ ಪತ್ರಿಕೆಯನ್ನು. ಅದನ್ನು ನೋಡದೆ ಮಗುವನ್ನು ಬೈಯುವುದೂ ತಪ್ಪು, ಮೇಷ್ಟ್ರನ್ನು ಬೈಯುವುದೂ ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಹುಡುಗಿ ಕಾಲೇಜಿನ ಒಂದು ಪರೀಕ್ಷೆಯ ಪತ್ರಿಕೆ ತಂದು, ‘ಅಂಕಲ್, ನನಗೆ ಅನ್ಯಾಯ ಆಗಿದೆ’ ಅಂದಳು. ಊಟದ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ ಹಿಡಿದು ಪುಟಪುಟಕ್ಕೂ ಕೂಡುತ್ತಾ ಹೋದೆವು. ಕೂಡಿದ ಮೊತ್ತ ಸರಿಯಾಗಿಯೇ ಇತ್ತು. ಆಮೇಲೆ ಸಿಕ್ಕಿತು: ಹೆಚ್ಚುವರಿ ಹಾಳೆಯ ಹಿಂಬದಿಯಲ್ಲಿ ಬರೆದಿದ್ದ ಐದು ಅಂಕದ ಉತ್ತರಕ್ಕೆ ಕೆಂಪು ಶಾಯಿಯ ಗುರುತೇ ಇರಲಿಲ್ಲ. ಹಾಳೆ ತಿರುಗಿಸಿಯೇ ಇರಲಿಲ್ಲ. ಜೊತೆಗೆ ಇನ್ನೊಂದೂ ಕಂಡಿತು. ಅನ್ಯಾಯ ಎಂದು ಅವಳು ತೋರಿಸಿದ್ದ ಪ್ರಶ್ನೆಯಲ್ಲಿ ತಪ್ಪು ಅವಳದೇ. ಪಠ್ಯಪುಸ್ತಕ ತೆಗೆದು ಅದನ್ನೂ ಒಪ್ಪಿಕೊಂಡಳು.

ಮರುದಿನ ಹೇಗೆ ಮಾತಾಡಬೇಕು ಎಂದು ಕೇಳಿದಳು. ‘ಸರ್, ನನಗ್ಯಾಕೆ ಕಡಿಮೆ ಕೊಟ್ರಿ’ ಅಂದರೆ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. ‘ಸರ್, ಹನ್ನೊಂದನೇ ಪ್ರಶ್ನೆಯ ಉತ್ತರ ಈ ಹಾಳೆಯ ಹಿಂಬದಿಯಲ್ಲಿದೆ, ಒಮ್ಮೆ ನೋಡ್ತೀರಾ’ ಅಂದರೆ ಅವರು ಹಾಳೆ ನೋಡುತ್ತಾರೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೋಗು ಅಂದೆ. ನಾಲ್ಕು ಅಂಕ ಸೇರಿತು. ಮೇಷ್ಟ್ರು, ‘ನೋಡಿರಲಿಲ್ಲಮ್ಮ’ ಅಂದರಂತೆ. ಅಷ್ಟು ಹೇಳಲು ಅವರಿಗೂ ದೊಡ್ಡ ಮನಸ್ಸು ಬೇಕಿತ್ತು.

ಬೋರ್ಡ್ ಪರೀಕ್ಷೆಯಲ್ಲಿ ಮಾತಾಡಲು ಮೇಷ್ಟ್ರು ಸಿಗುವುದಿಲ್ಲ, ಅಲ್ಲಿ ಕೆಲಸಕ್ಕೆ ಬರುವುದು ಕಾಗದ. ಮರುಎಣಿಕೆಯಲ್ಲಿ ಅಂಕಗಳನ್ನು ಮತ್ತೆ ಕೂಡಿ ನೋಡುತ್ತಾರೆ, ಮರುಮೌಲ್ಯಮಾಪನದಲ್ಲಿ ಉತ್ತರವನ್ನು ಮತ್ತೆ ತಿದ್ದುತ್ತಾರೆ. ಎರಡಕ್ಕೂ ಬೇರೆ ಶುಲ್ಕ, ಬೇರೆ ಗಡುವು. ಸ್ಕ್ಯಾನ್ ಪ್ರತಿ ಕೊಡುವ ಬೋರ್ಡ್ ಆದರೆ ಮೊದಲು ಅದನ್ನು ತರಿಸಿಕೊಳ್ಳಿ, ಕೂತು ಓದಿ, ಆಮೇಲೆ ಯಾವುದಕ್ಕೆ ಅರ್ಜಿ ಎಂದು ತೀರ್ಮಾನಿಸಿ. ಅಂಕ ಇಳಿಯುವ ನಿಯಮ ಇದೆಯೇ ಎಂದು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ರಸೀದಿ ಜೋಪಾನ. ತನ್ನ ಉತ್ತರ ಪತ್ರಿಕೆ ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ, ಮಾಹಿತಿ ಹಕ್ಕು ಕಾಯ್ದೆಯಡಿ ಹೇಳಿದೆ. ಆದ್ದರಿಂದ ಕೇಳುವಾಗ ಅಂಜಿಕೆ ಬೇಡ.

ಒಂದೇ ಅಂಕಕ್ಕಾಗಿ ಇಷ್ಟೆಲ್ಲ ಯಾಕೆ ಅನ್ನುವವರಿಗೆ ಬೆಳಗಾವಿಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. 2018ರ ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ 625ಕ್ಕೆ 624 ಬಂದಿತ್ತು. ತಾನು ಬರೆದದ್ದರ ಮೇಲೆ ಭರವಸೆಯಿದ್ದು ಮರುಮೌಲ್ಯಮಾಪನಕ್ಕೆ ಹಾಕಿದ, ಉಳಿದ ಆ ಒಂದೂ ಬಂತು. ಅದು ದುರಾಸೆಯಲ್ಲ, ತನ್ನ ದುಡಿಮೆಯ ಮೇಲಿನ ಗೌರವ.

ತಂದೆತಾಯಂದಿರಲ್ಲಿ ಒಂದು ಬೇಡಿಕೆ. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲಿ ಕೂತು ಊಟ ಮಾಡಿಸಿ. ಮನಸ್ಸು ತೀರಾ ಕುಗ್ಗಿದೆ ಅನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅದು ಉಚಿತ. ಅರ್ಜಿಯ ಮಾತು ಮರುದಿನ ಬೆಳಿಗ್ಗೆ ಆಡಿದರೂ ಸಾಕು.