ವೈರಾಣುವಿಗೆ ಹಿಂಸೆಯ ಹೊಣೆ ಉಂಟೆ?

ಆತಿಥೇಯ ಕೋಶವನ್ನು ಹೊಕ್ಕು ಅದರ ರಕ್ಷಣೆಯನ್ನೇ ಮುರಿಯುವ ವೈರಾಣುವನ್ನು ಹಿಂಸೆಯ ಕರ್ತೃವೆನ್ನಬಹುದೇ ಎಂಬ ಪ್ರಶ್ನೆಯನ್ನು, ಹಿಂಸೆಯನ್ನು ಬಹು ಸೂಕ್ಷ್ಮವಾಗಿ ವಿಂಗಡಿಸಿರುವ ಜೈನ ದರ್ಶನದ ಮುಂದಿಡುವುದು ಉಚಿತ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಪ್ರಕಾರ ಪ್ರಾಣಹರಣವು ಹಿಂಸೆಯಾಗಬೇಕಾದರೆ ಅದರ ಹಿಂದೆ ಪ್ರಮಾದ, ಎಂದರೆ ರಾಗದ್ವೇಷಗಳಿಂದ ಕೂಡಿದ ಎಚ್ಚರಗೇಡಿತನ, ಇರಬೇಕು.

ಹಲವು ವೈರಾಣುಗಳು ವೃದ್ಧಿಯಾಗುವಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತದೆ. ಅದನ್ನು ಗುರುತಿಸುವ ಪಿಕೆಆರ್ ಎಂಬ ಕಿಣ್ವವು, ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಇಐಎಫ್-2 ಎಂಬ ಅಂಶಕ್ಕೆ ಫಾಸ್ಫೇಟನ್ನು ಅಂಟಿಸಿ, ಕೋಶದ ಬಹುಪಾಲು ಉತ್ಪಾದನೆಯನ್ನು ನಿಲ್ಲಿಸುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ಹೊಗೆ ಕಂಡೊಡನೆ ಮೇನ್ ಸ್ವಿಚ್ ಇಳಿಸುವಂಥ ಈ ಒತ್ತಡ ಪ್ರತಿಕ್ರಿಯೆಯಿಂದ ಕೋಶಕ್ಕೆ ನಷ್ಟವಾದರೂ ವೈರಾಣುವಿನ ಕೆಲಸವೂ ನಿಲ್ಲುತ್ತದೆ. ಈ ಪ್ರತಿಕ್ರಿಯೆಯನ್ನು ವೈರಾಣುಗಳು ಕೆಡಿಸುವ ಬಗೆಗಳು ಹಲವು: ವ್ಯಾಕ್ಸೀನಿಯಾ ವೈರಾಣು ಇಐಎಫ್-2ರ ಒಂದು ಭಾಗವನ್ನು ಹೋಲುವ ಪ್ರೋಟೀನನ್ನು ಮುಂದೊಡ್ಡಿ ಪಿಕೆಆರನ್ನು ಅಲ್ಲಿಯೇ ಸಿಲುಕಿಸುತ್ತದೆ, ಹರ್ಪಿಸ್ ಸಿಂಪ್ಲೆಕ್ಸ್ ವೈರಾಣು ಕೋಶದ್ದೇ ಆದ ಬೇರೊಂದು ಕಿಣ್ವದಿಂದ ಆ ಫಾಸ್ಫೇಟನ್ನು ಕೀಳಿಸುತ್ತದೆ, ಪೋಲಿಯೊ ವೈರಾಣುವಂತೂ, ಒತ್ತಡಕಾಲದಲ್ಲಿ ಆರ್‌ಎನ್‌ಎಗಳನ್ನು ಕೂಡಿಡುವ ಕಣಗಳಿಗೆ ಆಧಾರವಾದ ಪ್ರೋಟೀನನ್ನೇ ಕತ್ತರಿಸುತ್ತದೆ.

ಕಪಟದಂತೆ ತೋರುವ ಇದೆಲ್ಲವೂ ಅಸಂಖ್ಯ ಪೀಳಿಗೆಗಳಲ್ಲಿ ಉಳಿದುಬಂದ ಮಾರ್ಪಾಡುಗಳ ಫಲ. ಆದರೂ ಜೈನರು ಒಂದೇ ದೇಹದಲ್ಲಿ ಅನಂತ ಜೀವಗಳಿರುವ ಸೂಕ್ಷ್ಮಾತಿಸೂಕ್ಷ್ಮ ನಿಗೋದಕ್ಕೂ ಜೀವವನ್ನೂ ಕರ್ಮಬಂಧವನ್ನೂ ಒಪ್ಪಿರುವುದರಿಂದ, ವೈರಾಣುವನ್ನು ಕೇವಲ ಗಾತ್ರ ನೋಡಿ ಹೊರಗಿಡುವಂತಿಲ್ಲ. ಆದರೆ ನಿಗೋದಜೀವಗಳು ಆಹಾರವನ್ನೂ ಉಸಿರನ್ನೂ ಒಟ್ಟಾಗಿ ಪಡೆಯುತ್ತವೆ. ಕೋಶದ ಹೊರಗಿರುವ ವೈರಾಣುವಿಗೆ ಇವೆರಡೂ ಇಲ್ಲ. ಆದ್ದರಿಂದ ಅದನ್ನು ಪುದ್ಗಲ, ಎಂದರೆ ಚೇತನವಿಲ್ಲದ ದ್ರವ್ಯ, ಎಂದು ಎಣಿಸುವುದೇ ಹೆಚ್ಚು ಯುಕ್ತವೆನಿಸುತ್ತದೆ.

ಕೇಡಿನ ಮೂಲವೂ ವೈರಾಣುವೊಂದರಲ್ಲೇ ಇರುವುದಿಲ್ಲ. ಕೋವಿಡ್ ಚಿಕಿತ್ಸೆಗೆ 2020ರ ಜುಲೈನಲ್ಲಿ ತುರ್ತುಬಳಕೆಯ ಅನುಮತಿ ಪಡೆದ, ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಇಟೊಲಿಜುಮ್ಯಾಬ್, ವೈರಾಣುವನ್ನು ಕೊಲ್ಲುವ ಔಷಧವಾಗಿರಲಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯ ಅತಿರೇಕವನ್ನು ತಗ್ಗಿಸುವುದು ಅದರ ಉದ್ದೇಶವಾಗಿತ್ತು. ಇದು ಕೋಶದೊಳಗಿನ ಪ್ರತಿಕ್ರಿಯೆಗಿಂತ ಬೇರೆ ಮಟ್ಟದ್ದು, ಆದರೆ ರಕ್ಷಣೆಯೇ ಮುಳುವಾಗುವ ಮಾತು ಎರಡೂ ಕಡೆ ನಿಜ.

ಹೀಗೆ ಆಕ್ರಮಿಸುವ ವೈರಾಣುವಿನಲ್ಲಾಗಲಿ ಕಾದಾಡುವ ಕೋಶದಲ್ಲಾಗಲಿ ಪ್ರಮಾದ ಕಾಣದಿರುವಾಗ, ಸೂತ್ರದ ಲಕ್ಷಣವು ಸರಿಯಾಗಿ ಹೊಂದುವುದು ಮನುಷ್ಯನ ನಡತೆಗೆ. ವೈಟ್‌ಫೀಲ್ಡ್‌ನ ಕಚೇರಿಯಾಗಲಿ ಪೀಣ್ಯದ ಶೆಡ್ಡಾಗಲಿ, ಗಾಳಿಯಾಡದ ಕೋಣೆಯಲ್ಲಿ ಜ್ವರ ಬಂದವನನ್ನು ಸಂಬಳ ಕಡಿತದ ಭಯದಿಂದ ದುಡಿಯುವಂತೆ ಮಾಡಿ ಸೋಂಕು ಹರಡಿದರೆ, ಅದು ಶಾಸ್ತ್ರಸಮ್ಮತವಾಗಿಯೇ ಹಿಂಸೆ.